ಇಂಗ್ಲಿಷ್ ಕ್ಲಾಸಿನಲ್ಲಿ ಮೊದಲು ಕೆಲಸ, ಆಮೇಲೆ ವ್ಯಾಕರಣ

ಮಂಡ್ಯ ಕಡೆಯ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆ, ಎಂಟನೇ ತರಗತಿ, ಇಂಗ್ಲಿಷ್ ಪೀರಿಯಡ್ ಅಂದುಕೊಳ್ಳಿ. ಮೇಡಂ ಬೋರ್ಡಿನ ಮೇಲೆ ಒಂದು ಪ್ರವಾಸದ ವಿವರ ಬರೆದಿದ್ದಾರೆ. ಮುಂದಿನ ಮಂಗಳವಾರ ಮೈಸೂರಿಗೆ ಹೋಗಬೇಕು. ಬೆಳಿಗ್ಗೆ 8ಕ್ಕೆ ಹೊರಟು ರಾತ್ರಿ 8ರೊಳಗೆ ವಾಪಸ್ ಬರಬೇಕು. ತಲೆಗೆ ಇಷ್ಟೇ ದುಡ್ಡು. ಯಾವ ಯಾವ ಜಾಗ ನೋಡಬಹುದು, ಯಾವುದು ಮೊದಲು, ಯಾವುದು ಆಮೇಲೆ?

ನಾಲ್ಕು ನಾಲ್ಕು ಮಕ್ಕಳ ಗುಂಪು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಚೀಟಿ. ಒಬ್ಬನ ಚೀಟಿಯಲ್ಲಿ ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ, ಕೆಆರ್‌ಎಸ್ ಯಾವಾಗ ತೆಗೆಯುತ್ತವೆ, ಯಾವಾಗ ಮುಚ್ಚುತ್ತವೆ ಅಂತ ಇದೆ. ಇನ್ನೊಬ್ಬಳ ಚೀಟಿಯಲ್ಲಿ ಟಿಕೆಟ್ ದರ. ಮೂರನೆಯವನಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ಬೇಕಾದ ಸಮಯ. ನಾಲ್ಕನೆಯವಳಲ್ಲಿ ವಾರದ ರಜೆಯ ವಿವರ. ಚೀಟಿ ತೋರಿಸುವಂತಿಲ್ಲ. ಇಂಗ್ಲಿಷಿನಲ್ಲಿ ಕೇಳಬೇಕು, ಇಂಗ್ಲಿಷಿನಲ್ಲಿ ಹೇಳಬೇಕು.

ಎಲ್ಲರಿಗೂ ಮೊದಲು ಮೃಗಾಲಯವೇ ಬೇಕು. ಸಮಯ ಲೆಕ್ಕ ಹಾಕುತ್ತಾರೆ, ದುಡ್ಡು ಕೂಡಿಸುತ್ತಾರೆ. ಆಗ ನಾಲ್ಕನೆಯ ಹುಡುಗಿ ಚೀಟಿ ನೋಡಿ ಕೂಗುತ್ತಾಳೆ: 'ನೋ, ನೋ! ಟ್ಯೂಸ್‌ಡೇ ಝೂ ಹಾಲಿಡೇ!' ಮೈಸೂರು ಮೃಗಾಲಯಕ್ಕೆ ಮಂಗಳವಾರ ರಜೆ, ಅಲ್ವಾ? ಇಡೀ ಪ್ಲಾನ್ ತಲೆಕೆಳಗು. ಮತ್ತೆ ಶುರು.

ಅವಳ ವಾಕ್ಯ ಅರೆಬರೆ. ಆದರೆ ಅದನ್ನು ಕೇಳಿ ಮೂರು ಜನ ತಮ್ಮ ತೀರ್ಮಾನ ಬದಲಿಸಿದರು. ಇಂಗ್ಲಿಷಿನಲ್ಲಿ ಅವಳು ಒಂದು ಕೆಲಸ ಮಾಡಿಸಿದಳು. ಇಲ್ಲಿಯವರೆಗೆ ಮೇಡಂ ಒಂದು ವ್ಯಾಕರಣ ನಿಯಮವನ್ನೂ ಹೇಳಿಲ್ಲ. ಹೇಳುತ್ತಾರೆ, ಆದರೆ ಆಮೇಲೆ. ಈ ಕ್ರಮಕ್ಕೇ ಟಾಸ್ಕ್ ಆಧಾರಿತ ಕಲಿಕೆ ಅನ್ನುತ್ತಾರೆ.

ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಇದಕ್ಕೆ ಉಲ್ಟಾ. ಮೊದಲು ನಿಯಮ, ಆಮೇಲೆ ಅಭ್ಯಾಸ, ಕೊನೆಗೆ ಸಮಯ ಉಳಿದರೆ ಮಾತು. ಸಮಯ ಉಳಿಯುವುದಿಲ್ಲ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದದ್ದು 2007-08ರಲ್ಲಿ. ಅಂದರೆ ಈಗ ಎಸ್ಎಸ್ಎಲ್‌ಸಿಗೆ ಬರುವ ಮಗು ಹತ್ತು ವರ್ಷ ಇಂಗ್ಲಿಷ್ ಓದಿರುತ್ತದೆ. ಪ್ಯಾಸಿವ್ ವಾಯ್ಸ್ ಮಾಡುತ್ತದೆ, ಕ್ವೆಶ್ಚನ್ ಟ್ಯಾಗ್ ಹಾಕುತ್ತದೆ, ಪದ್ಯ ಬಾಯಿಪಾಠ ಒಪ್ಪಿಸುತ್ತದೆ. ಶ್ರೀರಂಗಪಟ್ಟಣದಲ್ಲಿ ಪ್ರವಾಸಿಗರೊಬ್ಬರು ದರಿಯಾ ದೌಲತ್‌ಗೆ ದಾರಿ ಕೇಳಿದರೆ ಮಾತ್ರ ಸ್ನೇಹಿತನ ಮುಖ ನೋಡುತ್ತದೆ. ಆ ಮಗುವಿಗೆ ಬುದ್ಧಿ ಕಡಿಮೆ ಅಂತಲ್ಲ. ಹತ್ತು ವರ್ಷದಲ್ಲಿ ಒಮ್ಮೆಯೂ ಇಂಗ್ಲಿಷಿನಿಂದ ಅದಕ್ಕೆ ಏನೂ ಬೇಕಾಗಿರಲಿಲ್ಲ, ಮಾರ್ಕ್ಸ್ ಒಂದನ್ನು ಬಿಟ್ಟು.

ಯಾವುದು ಟಾಸ್ಕ್, ಯಾವುದು ಅಲ್ಲ

ಈಗ ಬಹಳ ಶಾಲೆಗಳಲ್ಲಿ ಚಟುವಟಿಕೆ ನಡೆಯುತ್ತದೆ. ಹಾಡು, ನಾಟಕ, ಫ್ಲ್ಯಾಶ್ ಕಾರ್ಡ್, ಚಾರ್ಟ್. ಒಳ್ಳೆಯದೇ. ಮಕ್ಕಳಿಗೆ ಖುಷಿಯೂ ಆಗುತ್ತದೆ. ಆದರೆ ಇವೆಲ್ಲ ಟಾಸ್ಕ್ ಅಲ್ಲ. ನನಗೆ ಇಡೀ ವಿಷಯದ ಗಂಟು ಇರುವುದೇ ಇಲ್ಲಿ ಅನ್ನಿಸುತ್ತದೆ.

ಇಬ್ಬರು ಮಕ್ಕಳು ಎದುರುಬದುರು ನಿಂತು 'ವಾಟ್ ಈಸ್ ಯುವರ್ ನೇಮ್?' 'ಮೈ ನೇಮ್ ಈಸ್ ಸೋ ಅಂಡ್ ಸೋ' ಅನ್ನುತ್ತಾರೆ. ಒಂದೇ ಊರು, ಒಂದೇ ಬೆಂಚು. ಅಂಗನವಾಡಿಯಿಂದ ಜೊತೆಗಿದ್ದವರು. ಹೆಸರು ಗೊತ್ತಿಲ್ಲದೆ ಕೇಳಿದ್ದಲ್ಲ. ಪ್ರಶ್ನೆಯಲ್ಲಿ ಕೇಳುವ ಆಸೆ ಇಲ್ಲ, ಉತ್ತರದಲ್ಲಿ ಹೊಸ ಸುದ್ದಿ ಇಲ್ಲ. ಅದು ವಾಕ್ಯದ ಅಭ್ಯಾಸ ಮಾತ್ರ.

ಟಾಸ್ಕ್ ಗುರುತಿಸಲು ಎರಡು ಪ್ರಶ್ನೆ ಸಾಕು. ಒಂದು, ಈ ಮಗುವಿಗೆ ಗೊತ್ತಿಲ್ಲದ್ದು, ಆದರೆ ಬೇಕಾಗಿರುವುದು ಏನಾದರೂ ಇದೆಯಾ? ಎರಡು, ಕೆಲಸ ಮುಗಿಯಿತು ಅಂತ ಮೇಷ್ಟ್ರು ಹೇಳದೆಯೂ ಮಕ್ಕಳಿಗೇ ಗೊತ್ತಾಗುತ್ತದೆಯಾ? ಪ್ರವಾಸದ ಆಟದಲ್ಲಿ ಎರಡಕ್ಕೂ ಉತ್ತರ ಹೌದು. ಪಟ್ಟಿ ಪೂರ್ತಿಯಾಗಿ, ದುಡ್ಡು ಸರಿಹೋಗಿ, ರಾತ್ರಿ 8ರೊಳಗೆ ಮನೆ ಸೇರುವಂತಿದ್ದರೆ ಮುಗಿಯಿತು.

ಭಾಷಾ ಬೋಧನೆಯ ಸಂಶೋಧಕರು ಇದನ್ನೇ ಸ್ವಲ್ಪ ವಿವರವಾಗಿ ಹೇಳುತ್ತಾರೆ. ಈ ವಿಷಯದಲ್ಲಿ ಜಾಸ್ತಿ ಬರೆದವರಲ್ಲಿ ಒಬ್ಬರು ರಾಡ್ ಎಲ್ಲಿಸ್. ಅವರ ಪ್ರಕಾರ ಗಮನ ಅರ್ಥದ ಮೇಲಿರಬೇಕು. ತುಂಬಬೇಕಾದ ಒಂದು ಅಂತರ ಇರಬೇಕು. ಯಾವ ಪದ ಬಳಸಬೇಕು ಅನ್ನುವುದು ಮಗುವಿನ ಆಯ್ಕೆಯಾಗಿರಬೇಕು. ಭಾಷೆಯ ಆಚೆಗೆ ಒಂದು ಫಲಿತಾಂಶ ಇರಬೇಕು. ಮೂರನೆಯದನ್ನು ಮರೆಯುವವರು ಜಾಸ್ತಿ. 'ಪಾಸ್ಟ್ ಟೆನ್ಸ್ ಬಳಸಿ ಪ್ರವಾಸದ ಬಗ್ಗೆ ಮಾತಾಡಿ' ಅಂದ ಕೂಡಲೇ ಮಗುವಿನ ಗಮನ ಪ್ರವಾಸ ಬಿಟ್ಟು ಟೆನ್ಸ್ ಕಡೆ ಹೋಗಿಬಿಡುತ್ತದೆ.

ಇದು ನಮ್ಮ ಕಡೆಯೇ ಹುಟ್ಟಿದ್ದು

ಟಾಸ್ಕ್ ಅಂದ ಕೂಡಲೇ ಕೆಲವು ಶಿಕ್ಷಕರು 'ಇದೆಲ್ಲ ಫಾರಿನ್ ಐಡಿಯಾ, ಇಪ್ಪತ್ತು ಮಕ್ಕಳ ಎಸಿ ರೂಮಿಗೆ ಸರಿ' ಅನ್ನುತ್ತಾರೆ. ಇತಿಹಾಸ ಬೇರೆಯೇ ಇದೆ. ಜಗತ್ತಿನಲ್ಲಿ ಈ ಬಗೆಯ ಕಲಿಕೆಯನ್ನು ಸಾಮಾನ್ಯ ಶಾಲೆಗಳಲ್ಲಿ ವರ್ಷಗಟ್ಟಲೆ ಮಾಡಿ ನೋಡಿದ ಮೊದಲ ದೊಡ್ಡ ಪ್ರಯೋಗಗಳಲ್ಲಿ ಒಂದು ನಡೆದದ್ದು ದಕ್ಷಿಣ ಭಾರತದಲ್ಲಿ. ಅದರ ಹೆಸರೇ ಬೆಂಗಳೂರು ಪ್ರಾಜೆಕ್ಟ್. 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸು, ಕಡಲೂರು ಕಡೆಯ ಕೆಲವು ಶಾಲೆಗಳಲ್ಲಿ ನಡೆಯಿತು. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಅದರ ಹಿಂದಿತ್ತು. ಮುಂದೆ ನಿಂತವರು ಎನ್.ಎಸ್. ಪ್ರಭು. ಆ ಅನುಭವವನ್ನು ಅವರು 1987ರಲ್ಲಿ ಪುಸ್ತಕವಾಗಿ ತಂದರು. ಇವತ್ತಿಗೂ ಎಷ್ಟೋ ಕಡೆ ಇಂಗ್ಲಿಷ್ ಶಿಕ್ಷಕ ತರಬೇತಿಯಲ್ಲಿ ಆ ಪುಸ್ತಕದ ಮಾತು ಬರುತ್ತದೆ.

ಆ ತರಗತಿಗಳಲ್ಲಿ ಇದ್ದದ್ದು ಕರಿಹಲಗೆ, ಸೀಮೆಸುಣ್ಣ, ಪೇಪರು. ರೈಲಿನ ವೇಳಾಪಟ್ಟಿ, ಊರಿನ ನಕಾಶೆ, ಶಾಲೆಯ ಟೈಮ್‌ಟೇಬಲ್ ಇಂಥವೇ ಪಾಠ. ವ್ಯಾಕರಣದ ಪಟ್ಟಿ ಇಟ್ಟುಕೊಂಡು ಇವತ್ತು ಇದು, ನಾಳೆ ಅದು ಅಂತ ಕಲಿಸಲೇ ಇಲ್ಲ. ಒಂದರ ಹಿಂದೆ ಒಂದು ಟಾಸ್ಕ್, ಅಷ್ಟೇ. ಮಗು ಅರ್ಥ ಮಾಡಿಕೊಳ್ಳಲು ಒದ್ದಾಡುವಾಗಲೇ ಭಾಷೆಯ ಕಟ್ಟಡ ಒಳಗೊಳಗೇ ಏಳುತ್ತದೆ ಅನ್ನುವುದು ಪ್ರಭು ಅವರ ನಂಬಿಕೆ.

ಫಲಿತಾಂಶ ಏನಾಯಿತು? 1985ರಲ್ಲಿ ಆಲನ್ ಬೆರೆಟ್ಟಾ ಮತ್ತು ಆಲನ್ ಡೇವಿಸ್ ಅನ್ನುವ ಇಬ್ಬರು ಸಂಶೋಧಕರು ಈ ಪ್ರಾಜೆಕ್ಟಿನ ಮೌಲ್ಯಮಾಪನ ಪ್ರಕಟಿಸಿದರು. ವಾಕ್ಯರಚನೆಯ ಪರೀಕ್ಷೆಯಲ್ಲಿ ಹಳೇ ಪದ್ಧತಿಯ ಮಕ್ಕಳು ಮುಂದೆ. ಟಾಸ್ಕ್ ಬಗೆಯ ಪರೀಕ್ಷೆಯಲ್ಲಿ ಪ್ರಾಜೆಕ್ಟಿನ ಮಕ್ಕಳು ಮುಂದೆ. ಎರಡೂ ಕಡೆಗೆ ವಾಲದ ಪರೀಕ್ಷೆಗಳಲ್ಲಿ ಒಟ್ಟಾರೆ ಪ್ರಾಜೆಕ್ಟಿನ ಕಡೆಗೇ ತಕ್ಕಡಿ ವಾಲಿತು. ಅವರು ಇದನ್ನು ಎಚ್ಚರಿಕೆಯಿಂದಲೇ ಹೇಳಿದರು. ಅದ್ಭುತ ಅಂತ ಯಾರೂ ಕೂಗಲಿಲ್ಲ. ಹೇಗೆ ಕಲಿಸುತ್ತೇವೋ ಅದರಲ್ಲಿ ಮಕ್ಕಳು ಗಟ್ಟಿಯಾಗುತ್ತಾರೆ ಅನ್ನುವುದಂತೂ ಇದರಿಂದ ಕಾಣುತ್ತದೆ.

ಇನ್ನೊಂದು ಹತ್ತಿರದ ಉದಾಹರಣೆಯೂ ನಮ್ಮಲ್ಲಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿ. ಅದು ಇಂಗ್ಲಿಷಿಗಾಗಿ ಹುಟ್ಟಿದ್ದಲ್ಲ, ಟಾಸ್ಕ್ ಪದ್ಧತಿಯೂ ಅಲ್ಲ. ಆದರೆ ಮಕ್ಕಳು ಗುಂಪಲ್ಲಿ ಕೂತು, ಕಾರ್ಡ್ ಹಿಡಿದು, ತಮ್ಮ ವೇಗದಲ್ಲಿ ಕೆಲಸ ಮಾಡುವುದನ್ನು ಹಳ್ಳಿ ಶಾಲೆಯೇ ಮಾಡಿ ತೋರಿಸಿತು. ನಲಿ-ಕಲಿಯಲ್ಲಿ ಪಳಗಿದ ಶಿಕ್ಷಕರಿಗೆ ಟಾಸ್ಕ್ ತರಗತಿಯ ಗಲಾಟೆ ಹೊಸದಲ್ಲ.

ಮೂರು ಬಗೆ, ಒಂದು ಕಬ್ಬಿನ ಲೋಡು

ಪ್ರಭು ಅವರು ಟಾಸ್ಕುಗಳನ್ನು ಮೂರಾಗಿ ವಿಂಗಡಿಸಿದರು. ಒಬ್ಬರಲ್ಲಿರುವ ಮಾಹಿತಿ ಇನ್ನೊಬ್ಬರಿಗೆ ದಾಟಬೇಕಾದದ್ದು ಮೊದಲನೆಯದು. ಇರುವ ಮಾಹಿತಿಯಿಂದಲೇ ಯೋಚಿಸಿ, ಲೆಕ್ಕ ಹಾಕಿ ಹೊಸದೊಂದನ್ನು ಕಂಡುಹಿಡಿಯುವುದು ಎರಡನೆಯದು. ತನ್ನ ಅಭಿಪ್ರಾಯ ಹೇಳಿ ಅದಕ್ಕೆ ಕಾರಣ ಕೊಡುವುದು ಮೂರನೆಯದು.

ಮಂಡ್ಯದ ಮಕ್ಕಳಿಗೆ ಚೆನ್ನಾಗಿ ಗೊತ್ತಿರುವ ವಿಷಯವನ್ನೇ ತೆಗೆದುಕೊಳ್ಳೋಣ. ಒಬ್ಬ ರೈತನ ಹತ್ತಿರ 10 ಟನ್ ಕಬ್ಬು ಇದೆ. ಕಾರ್ಖಾನೆಗೆ ಕಳಿಸಬೇಕಾ, ಆಲೆಮನೆಗೆ ಹಾಕಬೇಕಾ? ಪಾಠಕ್ಕಾಗಿ ನಾವೇ ಸುಲಭದ ಅಂಕಿ ಇಟ್ಟುಕೊಳ್ಳಬಹುದು. ಕಾರ್ಖಾನೆಯಲ್ಲಿ ಟನ್ನಿಗೆ 3,000 ರೂಪಾಯಿ, ಸಾಗಣೆ ಖರ್ಚು 3,000. ಆಲೆಮನೆಯಲ್ಲಿ 10 ಟನ್ ಕಬ್ಬಿಗೆ 10 ಕ್ವಿಂಟಲ್ ಬೆಲ್ಲ, ಕ್ವಿಂಟಲಿಗೆ 4,000, ಅರೆಯುವ ಮತ್ತು ಕೂಲಿಯ ಖರ್ಚು 9,000. ಕಾರ್ಖಾನೆಯ ದುಡ್ಡು ಎರಡು ತಿಂಗಳ ಮೇಲೆ, ಬೆಲ್ಲದ ದುಡ್ಡು ಅದೇ ವಾರ.

ಈ ಅಂಕಿಗಳನ್ನು ಇಬ್ಬರು ಮಕ್ಕಳಿಗೆ ಅರ್ಧರ್ಧ ಹಂಚಿದರೆ ಮೊದಲ ಬಗೆಯ ಟಾಸ್ಕ್. ಎಲ್ಲ ಅಂಕಿ ಬೋರ್ಡಿನ ಮೇಲೆ ಬರೆದು 'ಯಾವುದರಲ್ಲಿ ಲಾಭ ಜಾಸ್ತಿ, ಎಷ್ಟು?' ಅಂದರೆ ಎರಡನೆಯದು. ಲೆಕ್ಕದಲ್ಲಿ ಕಾರ್ಖಾನೆಯಿಂದ 27,000, ಆಲೆಮನೆಯಿಂದ 31,000 ಬರುತ್ತದೆ. 'ಬೆಲ್ಲದ ರೇಟು ಮುಂದಿನ ವಾರ ಬೀಳಬಹುದು, ಮಗಳ ಕಾಲೇಜು ಫೀಸು ಈಗಲೇ ಕಟ್ಟಬೇಕು, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?' ಅಂದರೆ ಮೂರನೆಯದು.

ಇಲ್ಲಿ ಒಂದು ವಿಶೇಷ ನಡೆಯುತ್ತದೆ. ಕ್ಲಾಸಿನಲ್ಲಿ ಹಿಂದಿನ ಬೆಂಚಿನ ಹುಡುಗನಿಗೆ ಕಬ್ಬಿನ ವಿಷಯ ಮೇಷ್ಟ್ರಿಗಿಂತ ಜಾಸ್ತಿ ಗೊತ್ತು. ಟನ್, ಲೋಡ್, ರೇಟ್, ವೇಟ್, ಲೇಬರ್ ಈ ಪದಗಳೆಲ್ಲ ಅವನ ಮನೆಯ ಪದಗಳು. ಅವನ ಹತ್ತಿರ ಹೇಳಲು ವಿಷಯ ಇದೆ. ವಿಷಯ ಇದ್ದವನು ಮಾತಿಗೆ ದಾರಿ ಹುಡುಕುತ್ತಾನೆ. ಪಠ್ಯದಲ್ಲಿ ಬರುವ ಯಾವುದೋ ದೂರದ ಊರಿನ ಹಿಮದ ಬಗ್ಗೆ ಕೇಳಿದರೆ ಈ ಹುಡುಗ ಬಾಯಿ ಬಿಡುವುದಿಲ್ಲ.

ಅಭಿಪ್ರಾಯದ ಟಾಸ್ಕ್ ನೋಡಲು ಸುಲಭ, ಮಾಡಲು ಕಷ್ಟ. ಇಂಗ್ಲಿಷ್ ಕಡಿಮೆ ಇರುವ ಮಗು 'ಐ ಲೈಕ್' ಅಂದು ನಿಲ್ಲುತ್ತದೆ. ಪ್ರಭು ಅವರಿಗೆ ಎರಡನೆಯ ಬಗೆಯೇ ಹೆಚ್ಚು ಇಷ್ಟವಾಗಿತ್ತು. ಯೋಚಿಸುವಾಗ ಮಗು ಅದೇ ಮಾಹಿತಿಯ ಕಡೆಗೆ ಮತ್ತೆ ಮತ್ತೆ ತಿರುಗುತ್ತದೆ. ಅದೇ ಪದಗಳು ಬೇರೆ ಬೇರೆ ಕೆಲಸಕ್ಕೆ ಬರುತ್ತವೆ. ನನಗೂ ಅದೇ ಸರಿ ಅನ್ನಿಸುತ್ತದೆ, ಮುಖ್ಯವಾಗಿ ಎಂಟು, ಒಂಬತ್ತನೇ ತರಗತಿಗೆ.

ಪೀರಿಯಡ್ ನಡೆಯುವ ಬಗೆ

ಟಾಸ್ಕ್ ಕೊಟ್ಟು ಮೇಷ್ಟ್ರು ಸುಮ್ನೆ ಕೂರುವುದಲ್ಲ. ಮೊದಲು ಇಡೀ ತರಗತಿಯ ಜೊತೆ ಅಂಥದ್ದೇ ಒಂದು ಚಿಕ್ಕ ಕೆಲಸ ಮಾಡಬೇಕು. ಪ್ರವಾಸದ ಉದಾಹರಣೆಯಲ್ಲಿ, ಮೇಲುಕೋಟೆಗೆ ಅರ್ಧ ದಿನದ ಒಂದು ಪ್ಲಾನನ್ನು ಮೇಡಂ ಬೋರ್ಡಿನ ಮೇಲೆ ಇಂಗ್ಲಿಷಿನಲ್ಲೇ ಕೇಳುತ್ತ, ಹೇಳುತ್ತ ಮಾಡುತ್ತಾರೆ. 'ವಾಟ್ ಟೈಮ್ ಡಸ್ ಇಟ್ ಓಪನ್?' 'ಹೌ ಮಚ್ ಈಸ್ ದ ಟಿಕೆಟ್?' 'ಹೌ ಲಾಂಗ್ ಡಸ್ ಇಟ್ ಟೇಕ್?' ಈ ಮೂರು ಪ್ರಶ್ನೆ ಮಕ್ಕಳ ಕಿವಿಗೆ ಹತ್ತು ಸಲ ಬೀಳುತ್ತವೆ. ನಿಯಮ ಅಂತ ಅಲ್ಲ, ಬೇಕಾದಾಗ ಬಳಸುವ ಮಾತಾಗಿ.

ಆಮೇಲೆ ಮಕ್ಕಳ ಕೆಲಸ. ಈ ಹೊತ್ತಿನಲ್ಲಿ ಮೇಡಂ ಓಡಾಡುತ್ತಾರೆ, ಕೇಳಿಸಿಕೊಳ್ಳುತ್ತಾರೆ, ಒಂದು ಚೀಟಿಯಲ್ಲಿ ಬರೆದುಕೊಳ್ಳುತ್ತಾರೆ. ತಪ್ಪು ಕಂಡ ಕೂಡಲೇ ನಿಲ್ಲಿಸುವುದಿಲ್ಲ. ಮಗು 'ಬಸ್ ಗೋ ಏಯ್ಟ್ ಓ ಕ್ಲಾಕ್' ಅಂದರೆ 'ಯೆಸ್, ದ ಬಸ್ ಗೋಸ್ ಅಟ್ ಏಯ್ಟ್. ಅಂಡ್ ದೆನ್?' ಅನ್ನುತ್ತಾರೆ. ಸರಿಯಾದ ರೂಪ ಕಿವಿಗೆ ಬಿತ್ತು, ಮಾತೂ ನಿಲ್ಲಲಿಲ್ಲ.

ಇಲ್ಲಿಗೇ ಬಿಟ್ಟರೆ ಒಂದು ತೊಂದರೆ ಇದೆ. ಗುಂಪಿನ ಒಳಗೆ 'ಝೂ ಹಾಲಿಡೇ, ನೋ ಗೋ' ಅಂದರೆ ಸಾಕು. ಎಲ್ಲರಿಗೂ ಅರ್ಥವಾಗುತ್ತದೆ. ಹಾಗಾದರೆ ಮಗು ಇದಕ್ಕಿಂತ ಒಳ್ಳೆಯ ಇಂಗ್ಲಿಷಿಗೆ ಯಾಕೆ ಹೋಗಬೇಕು? ಟಾಸ್ಕ್ ಪದ್ಧತಿಯ ಮೇಲೆ ಬಂದ ಅತಿ ಗಟ್ಟಿಯಾದ ಆಕ್ಷೇಪ ಇದೇ. ಮಾತು ಸರಾಗ ಆಗುತ್ತದೆ, ಆದರೆ ತಪ್ಪು ಹಾಗೇ ಗಟ್ಟಿಯಾಗಿ ಕೂರುತ್ತದೆ ಅನ್ನುವ ಭಯ.

ಇದಕ್ಕೆ ಚೆನ್ನಾದ ಉತ್ತರ ಕೊಟ್ಟವರು ಟಾಸ್ಕ್ ಪದ್ಧತಿಯ ಬಗ್ಗೆ ಬರೆದ ಜೇನ್ ವಿಲ್ಲಿಸ್. 1996ರಲ್ಲಿ ಅವರು ಇಡೀ ಪಾಠಕ್ಕೆ ಒಂದು ಚೌಕಟ್ಟು ಕೊಟ್ಟರು. ಟಾಸ್ಕ್ ಮುಗಿದ ಮೇಲೆ ಪ್ರತಿ ಗುಂಪೂ ತನ್ನ ಫಲಿತಾಂಶವನ್ನು ತರಗತಿಯ ಮುಂದೆ ಹೇಳಬೇಕು. ಹೇಳುವ ಮೊದಲು ತಯಾರಿಗೆ ಸಮಯ ಕೊಡಬೇಕು. ಇಷ್ಟೇ ಬದಲಾವಣೆ, ಆದರೆ ಪರಿಣಾಮ ದೊಡ್ಡದು. ನಾಲ್ಕು ಜನರ ನಡುವೆ ಹೇಗೋ ಮಾತಾಡಿದ ಮಗು, ನಲವತ್ತು ಜನರ ಮುಂದೆ ನಿಲ್ಲಬೇಕು ಅಂದ ಕೂಡಲೇ ಸರಿಯಾಗಿ ಹೇಳಲು ಬಯಸುತ್ತದೆ. ನಾವು ಹೊಸ ಬಟ್ಟೆ ಹಾಕಿ ಜಾತ್ರೆಗೆ ಹೋಗುವ ಹಾಗೆ. ಆಗ ಪ್ರಶ್ನೆಗಳು ಬರುತ್ತವೆ. 'ಮಿಸ್, ಯಾಕಂದ್ರೆ ಅಂತ ಹೇಗೆ ಹೇಳೋದು?' 'ಮಂಗಳವಾರದಂದು ಅನ್ನೋಕೆ ಇನ್ ಹಾಕ್ಬೇಕಾ, ಆನ್ ಹಾಕ್ಬೇಕಾ?' ಸ್ವಲ್ಪ ಹೊತ್ತಿಗೆ ಆ ಅರೆಬರೆ ವಾಕ್ಯ ಹೀಗಾಗುತ್ತದೆ: 'ವಿ ಕೆನಾಟ್ ಗೋ ಟು ದ ಝೂ ಬಿಕಾಸ್ ಇಟ್ ಈಸ್ ಕ್ಲೋಸ್ಡ್ ಆನ್ ಟ್ಯೂಸ್‌ಡೇಸ್.'

ನಿಯಮ ಹೇಳಬೇಕಾದ ಗಳಿಗೆ ಇದು. ಮಗು ತಾನಾಗಿ ಕೇಳಿಕೊಂಡು ಬಂದಿದೆ. ಬೆಳಿಗ್ಗೆ ಪೀರಿಯಡ್ ಶುರುವಿನಲ್ಲಿ 'ಪ್ರಿಪೋಸಿಷನ್ಸ್ ಆಫ್ ಟೈಮ್' ಅಂತ ಬರೆದಿದ್ದರೆ ಕಾಪಿ ಮಾಡಿಕೊಳ್ಳುತ್ತಿತ್ತು. ಈಗ ಅದು ಬೇಕಾಗಿದೆ.

ಕೊನೆಯ ಹತ್ತು ನಿಮಿಷ ವ್ಯಾಕರಣಕ್ಕೇ. ಓಡಾಡುವಾಗ ಬರೆದುಕೊಂಡ ನಾಲ್ಕೈದು ವಾಕ್ಯಗಳನ್ನು ಮೇಡಂ ಬೋರ್ಡಿಗೆ ಹಾಕುತ್ತಾರೆ. ಯಾರು ಹೇಳಿದ್ದು ಅಂತ ಹೇಳುವುದಿಲ್ಲ. ಕನ್ನಡದ ಮಕ್ಕಳಲ್ಲಿ ಕೆಲವು ತಪ್ಪು ಖಾಯಂ ಬರುತ್ತವೆ. 'ವೇರ್ ಯು ಆರ್ ಗೋಯಿಂಗ್?' ಅನ್ನುತ್ತಾರೆ. ಕನ್ನಡದಲ್ಲಿ ಪ್ರಶ್ನೆ ಮಾಡಲು ಪದಗಳ ಜಾಗ ಬದಲಿಸಬೇಕಿಲ್ಲ, ಇಂಗ್ಲಿಷಿನಲ್ಲಿ ಬದಲಿಸಬೇಕು. 'ಎ', 'ದ' ಬಿಟ್ಟುಹೋಗುತ್ತವೆ, ಯಾಕಂದರೆ ಕನ್ನಡದಲ್ಲಿ ಅಂಥವು ಇಲ್ಲ. 'ಮಂಡ್ಯಕ್ಕೆ', 'ಮಂಡ್ಯದಿಂದ' ಅಂತ ನಾವು ಪದದ ಕೊನೆಗೆ ಸೇರಿಸುವುದನ್ನು ಇಂಗ್ಲಿಷ್ ಪದಕ್ಕಿಂತ ಮೊದಲು ಇಡುತ್ತದೆ. ಇದನ್ನು ಕನ್ನಡದಲ್ಲೇ ಎರಡು ನಿಮಿಷ ವಿವರಿಸಿದರೆ ಮಕ್ಕಳಿಗೆ ತಟ್ಟನೆ ಹೊಳೆಯುತ್ತದೆ.

ಒಂದೇ ದಿನಕ್ಕೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ. 'ಹಿ ಗೋ' ಅನ್ನುವುದನ್ನೇ ನೋಡಿ. 'ಗೋಸ್' ಅನ್ನುವ ನಿಯಮ ಐದನೇ ತರಗತಿಯ ಮಗುವೂ ಹೇಳುತ್ತದೆ, ಮಾತಾಡುವಾಗ ಬಿಡುತ್ತದೆ. ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿಯುವವರಲ್ಲಿ ಈ ಚಿಕ್ಕ 'ಸ್' ತುಂಬ ತಡವಾಗಿ ಗಟ್ಟಿಯಾಗುತ್ತದೆ ಅನ್ನುವುದು ಎಷ್ಟೋ ಅಧ್ಯಯನಗಳಲ್ಲಿ ಕಂಡಿರುವ ವಿಷಯ. ಬೇರೆ ಬೇರೆ ಮಾತೃಭಾಷೆಯವರಲ್ಲೂ ಹೀಗೇ. ನಾವು ಕಲಿಸಿದ ಕ್ರಮದಲ್ಲೇ ಭಾಷೆ ಮಗುವಿನೊಳಗೆ ಕೂರುವುದಿಲ್ಲ. ಅದಕ್ಕೆ ತನ್ನದೇ ಒಂದು ಕ್ರಮ ಇದೆ. ಪಟ್ಟಿ ಹಿಡಿದು ಒಂದೊಂದೇ ನಿಯಮ ಮುಗಿಸುವ ಪಾಠಕ್ಕಿಂತ, ಒಂದೇ ರೂಪ ಮತ್ತೆ ಮತ್ತೆ ಬೇರೆ ಕೆಲಸದಲ್ಲಿ ಎದುರಾಗುವ ಪಾಠ ಇದಕ್ಕೇ ಮೇಲು.

ಗುಂಪಾ, ಇಡೀ ತರಗತಿಯಾ

ಟಾಸ್ಕ್ ಅಂದರೆ ಗುಂಪು ಚಟುವಟಿಕೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಪ್ರಭು ಹಾಗೆ ಅಂದುಕೊಂಡಿರಲಿಲ್ಲ. ಮಕ್ಕಳು ತಮ್ಮತಮ್ಮಲ್ಲೇ ಮಾತಾಡಿದರೆ ಒಬ್ಬರ ತಪ್ಪನ್ನು ಇನ್ನೊಬ್ಬರು ಕಲಿಯುತ್ತಾರೆ, ಒಳ್ಳೆಯ ಇಂಗ್ಲಿಷ್ ಕೇಳಬೇಕಾದರೆ ಶಿಕ್ಷಕರಿಂದಲೇ ಕೇಳಬೇಕು ಅನ್ನುವುದು ಅವರ ವಾದ. ಅವರ ತರಗತಿಗಳಲ್ಲಿ ಮೊದಲು ಶಿಕ್ಷಕರು ಎಲ್ಲರ ಜೊತೆ ಪ್ರಶ್ನೋತ್ತರದಲ್ಲಿ ಒಂದು ಟಾಸ್ಕ್ ಮಾಡುತ್ತಿದ್ದರು. ಆಮೇಲೆ ಅಂಥದ್ದೇ ಇನ್ನೊಂದನ್ನು ಪ್ರತಿ ಮಗುವೂ ತಾನೊಬ್ಬನೇ ಮಾಡಬೇಕಿತ್ತು.

ವಿಲ್ಲಿಸ್, ಭಾಷಾ ಕಲಿಕೆಯ ಸಂಶೋಧಕ ಮೈಕಲ್ ಲಾಂಗ್ ಮುಂತಾದವರದು ಬೇರೆ ದಾರಿ. ಲಾಂಗ್ ಹೇಳುವುದು ಹೀಗೆ. ಮಾತಿನ ನಡುವೆ ಅರ್ಥವಾಗದೆ 'ಏನಂದೆ? ಏಯ್ಟಾ, ಏಯ್ಟೀನಾ?' ಅಂತ ಕೇಳಿ ಸರಿಪಡಿಸಿಕೊಳ್ಳುವ ಗಳಿಗೆಯಲ್ಲೇ ಕಲಿಕೆ ನಡೆಯುತ್ತದೆ. ಅಂಥ ಗಳಿಗೆಗಳು ಜಾಸ್ತಿ ಸಿಗಬೇಕಾದರೆ ಮಕ್ಕಳು ಒಬ್ಬರಿಗೊಬ್ಬರು ಮಾತಾಡಲೇಬೇಕು.

ನನ್ನ ಮಾತು ಕೇಳಿದರೆ, ನಮ್ಮ ಶಾಲೆಗಳಲ್ಲಿ ಪ್ರಭು ಅವರ ದಾರಿಯಿಂದ ಶುರು ಮಾಡುವುದು ಒಳ್ಳೆಯದು. ಐವತ್ತು ಮಕ್ಕಳ ಕ್ಲಾಸು, ಜರುಗಿಸಲಾಗದ ಬೆಂಚು, ಪಕ್ಕದ ಕೋಣೆಯಲ್ಲಿ ಗಣಿತದ ಪಾಠ. ಮೊದಲ ತಿಂಗಳು ಇಡೀ ತರಗತಿಯ ಜೊತೆ ಬೋರ್ಡಿನ ಮೇಲೆಯೇ ಟಾಸ್ಕ್ ಮಾಡಿ. ಮಕ್ಕಳ ಕಿವಿಯಲ್ಲಿ ಸಾಕಷ್ಟು ಇಂಗ್ಲಿಷ್ ಕೂತ ಮೇಲೆ ಜೋಡಿ ಮಾಡಿ. ನಾಲ್ವರ ಗುಂಪು ಅದಕ್ಕೂ ಆಮೇಲೆ. ನಾಲ್ವರಲ್ಲಿ ಒಬ್ಬ ಮಾತಾಡಿ ಮೂವರು ಅಡಗಿಕೊಳ್ಳುವುದು ಸುಲಭ. ಜೋಡಿಯಲ್ಲಿ ಅಡಗಲು ಜಾಗ ಇಲ್ಲ.

ಇಂಗ್ಲಿಷ್ ಏನೇನೂ ಇಲ್ಲದ ಮಕ್ಕಳಿಗೆ ಮಾತಾಡುವ ಟಾಸ್ಕೇ ಬೇಡ. ಕೇಳಿ ಮಾಡುವ ಟಾಸ್ಕ್ ಕೊಡಿ. ಊರಿನ ನಕಾಶೆಯ ಖಾಲಿ ಗೆರೆಗಳನ್ನು ಕೊಟ್ಟು, 'ದ ಟೆಂಪಲ್ ಈಸ್ ನೆಕ್ಸ್ಟ್ ಟು ದ ಟ್ಯಾಂಕ್. ದ ಡೈರಿ ಈಸ್ ಬಿಹೈಂಡ್ ದ ಸ್ಕೂಲ್' ಅಂತ ಓದಿ. ಕೇಳಿ ಗುರುತು ಹಾಕಬೇಕು. ಬಾಯಿ ಬಿಡದೆಯೂ ಮಗು ಇಂಗ್ಲಿಷಿನ ಕೆಲಸ ಮಾಡಿತು.

ಶಿಕ್ಷಕರು ಕೇಳುವ ಪ್ರಶ್ನೆಗಳು

ಮಕ್ಕಳು ಕನ್ನಡದಲ್ಲೇ ಮಾತಾಡಿಬಿಡುತ್ತಾರಲ್ಲ? ಮಾತಾಡಲಿ. ಲೆಕ್ಕ ಹಾಕುವಾಗ, ಜಗಳವಾಡುವಾಗ ಕನ್ನಡ ಬಂದೇ ಬರುತ್ತದೆ. ಅದು ಅವರು ಯೋಚಿಸುವ ಭಾಷೆ. ನೋಡಬೇಕಾದದ್ದು ಒಂದೇ: ಚೀಟಿಯ ಮಾಹಿತಿ ದಾಟುವುದು ಮತ್ತು ಕೊನೆಯ ವರದಿ ಇಂಗ್ಲಿಷಿನಲ್ಲಿ ಇರಬೇಕು. ದಂಡ ಹಾಕುವುದು, ಕನ್ನಡ ಆಡಿದವನ ಹೆಸರು ಬರೆಯುವುದು ಖಂಡಿತ ಬೇಡ. ತನ್ನ ಮಾತಿಗೆ ನಾಚಿಕೊಂಡ ಮಗು ಇನ್ನೊಂದು ಭಾಷೆಯನ್ನು ಧೈರ್ಯವಾಗಿ ಕಲಿಯುವುದಿಲ್ಲ.

ನನಗೇ ಇಂಗ್ಲಿಷ್ ಸರಾಗ ಇಲ್ಲವಲ್ಲ? ಈ ಮಾತನ್ನು ಬಹಳ ಶಿಕ್ಷಕರು ಮೆಲ್ಲನೆ ಹೇಳುತ್ತಾರೆ. ಟಾಸ್ಕಿಗೆ ಬೇಕಾಗುವ ಇಂಗ್ಲಿಷ್ ಎಷ್ಟು ಅಂತ ಮೊದಲೇ ಗೊತ್ತಿರುತ್ತದೆ. ಹತ್ತು ಹದಿನೈದು ವಾಕ್ಯ. ಹಿಂದಿನ ದಿನ ಬರೆದು, ಜೋರಾಗಿ ಓದಿಕೊಂಡು ಬಂದರೆ ನಡೆಯುತ್ತದೆ. ಮಕ್ಕಳ ಜೊತೆ ಶಿಕ್ಷಕರ ಮಾತೂ ಬೆಳೆಯುತ್ತದೆ.

ಪೋರ್ಷನ್ ಯಾವಾಗ ಮುಗಿಸೋದು, ಪರೀಕ್ಷೆ ಇದೆಯಲ್ಲ? ಇದು ನಿಜವಾದ ಕಷ್ಟ. ಪರೀಕ್ಷೆ ನಿಯಮವನ್ನೇ ಕೇಳುವಾಗ ಅದನ್ನು ಬಿಟ್ಟು ಆಡುವುದು ಮಕ್ಕಳಿಗೆ ಮಾಡುವ ಅನ್ಯಾಯ. ಬೆಂಗಳೂರು ಪ್ರಾಜೆಕ್ಟಿನ ಮಕ್ಕಳು ವಾಕ್ಯರಚನೆಯ ಪರೀಕ್ಷೆಯಲ್ಲಿ ಹಿಂದೆ ಬಿದ್ದದ್ದನ್ನು ಮರೆಯಬಾರದು. ಅದಕ್ಕೇ ವಾರಕ್ಕೆ ಒಂದೋ ಎರಡೋ ಪೀರಿಯಡ್ ಟಾಸ್ಕಿಗೆ, ಉಳಿದದ್ದು ಪಠ್ಯಕ್ಕೆ ಅಂತ ಇಟ್ಟುಕೊಳ್ಳಬಹುದು. ಪಠ್ಯವನ್ನೇ ಟಾಸ್ಕ್ ಮಾಡಿದರೆ ಇನ್ನೂ ಒಳ್ಳೆಯದು.

ಎಸ್ಎಸ್ಎಲ್‌ಸಿ ಪ್ರಶ್ನೆಪತ್ರಿಕೆಯಲ್ಲಿ ಅಂಶಗಳನ್ನು ಕೊಟ್ಟು ವ್ಯಕ್ತಿಯ ಪ್ರೊಫೈಲ್ ಬರೆಯಲು ಕೇಳುತ್ತಾರೆ. ಮಕ್ಕಳು ಹೆಸರು, ವಯಸ್ಸು, ಹವ್ಯಾಸ ತುಂಬುವ ಒಂದು ಅಚ್ಚನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ. ಅದರ ಬದಲು ಒಬ್ಬ ವ್ಯಕ್ತಿಯ ವಿವರವನ್ನು ಎರಡು ಚೀಟಿಯಲ್ಲಿ ಅರ್ಧರ್ಧ ಬರೆಯಿರಿ. ಸರ್ ಎಂ. ವಿಶ್ವೇಶ್ವರಯ್ಯನವರನ್ನೇ ತೆಗೆದುಕೊಳ್ಳಿ. ಒಂದರಲ್ಲಿ ಹುಟ್ಟಿದ ವರ್ಷ 1861, ಮೈಸೂರಿನ ದಿವಾನರಾಗಿದ್ದ ಅವಧಿ. ಇನ್ನೊಂದರಲ್ಲಿ ಕನ್ನಂಬಾಡಿ ಕಟ್ಟೆ, 1955ರ ಭಾರತ ರತ್ನ. ಕೇಳಿ ತುಂಬಿಕೊಂಡು, ಆಮೇಲೆ ಬರೆಯಲಿ. 'ವೆನ್ ವಾಸ್ ಹಿ ಬಾರ್ನ್?' ಅನ್ನುವ ಪ್ರಶ್ನೆ ಬಾಯಲ್ಲಿ ಬಂದ ಮಗುವಿಗೆ 'ಹಿ ವಾಸ್ ಬಾರ್ನ್ ಇನ್' ಅಂತ ಬರೆಯಲು ತಡವಾಗುವುದಿಲ್ಲ. ಪತ್ರ ಬರೆಯುವ ಪ್ರಶ್ನೆಯೂ ಹಾಗೆಯೇ. ಶಾಲೆ ಬಿಡುವ ಹೊತ್ತಿಗೆ ಬಸ್ಸಿಲ್ಲದ ಊರಿನ ಮಕ್ಕಳು ಡಿಪೋ ಮ್ಯಾನೇಜರಿಗೆ ಪತ್ರ ಬರೆದು, ಅದರಲ್ಲಿ ಅತಿ ಸ್ಪಷ್ಟವಾದದ್ದನ್ನು ಆರಿಸಿ, ನಿಜವಾಗಿಯೂ ಅಂಚೆಗೆ ಹಾಕಲಿ.

ಕಷ್ಟ ಎಷ್ಟಿರಬೇಕು ಅನ್ನುವುದಕ್ಕೂ ಪ್ರಭು ಅವರಲ್ಲಿ ಒಂದು ಅಳತೆ ಇದೆ. ತರಗತಿಯ ಅರ್ಧದಷ್ಟು ಮಕ್ಕಳು ಟಾಸ್ಕಿನ ಅರ್ಧವನ್ನಾದರೂ ಸರಿಯಾಗಿ ಮಾಡಿದರೆ ಅದು ಸರಿಯಾದ ಮಟ್ಟ. ಎಲ್ಲರೂ ಪೂರ್ತಿ ಮಾಡಿದರೆ ತೀರ ಸುಲಭವಾಯಿತು. ಬದಲಿಸಬೇಕಾದರೆ ಇಂಗ್ಲಿಷನ್ನು ಸುಲಭ ಮಾಡಲು ಹೋಗಬೇಡಿ, ಟಾಸ್ಕನ್ನು ಬದಲಿಸಿ. ನಾಲ್ಕು ಜಾಗದ ಬದಲು ಎರಡು ಜಾಗ ಇಡಿ. ದುಡ್ಡಿನ ಲೆಕ್ಕ ತೆಗೆದು ಸಮಯವನ್ನಷ್ಟೇ ಬಿಡಿ. 'ಸರಿಯಾಗಿ ಎಷ್ಟು ಗಂಟೆಗೆ' ಅನ್ನುವ ಬದಲು 'ಮಧ್ಯಾಹ್ನಕ್ಕೆ ಮೊದಲಾ, ಆಮೇಲಾ' ಅಂತ ಕೇಳಿ. ಗೊತ್ತಿಲ್ಲದ ಊರಿನ ಬದಲು ಮಕ್ಕಳು ಓಡಾಡಿದ ಊರನ್ನು ಕೊಡಿ. ತೀರ ಸುಲಭವಾದರೆ ಇನ್ನೊಂದು ಚೀಟಿ ಸೇರಿಸಿ: ಬಸ್ಸು ಮದ್ದೂರಿನಲ್ಲಿ ಕೆಟ್ಟು ಒಂದು ಗಂಟೆ ತಡವಾಯಿತು, ಈಗ ಯಾವ ಜಾಗ ಬಿಡುತ್ತೀರಿ?